ಹೇಮಾವತಿಯ ಆಚೆ ದಡದ ರಾಜಕುಮಾರಿ: ವಿಕ್ಟೋರಿಯಾ ಗೌರಮ್ಮ ಮತ್ತು ಆಂಗ್ಲ ಅರಮನೆಯ ಕಟ್ಟಳೆ

ಅರಮನೆಗಳ ಇತಿಹಾಸವೆಂದರೆ ಬಹುಮಟ್ಟಿಗೆ ಯುದ್ಧ, ಒಪ್ಪಂದ ಮತ್ತು ಉತ್ತರಾಧಿಕಾರಗಳ ಇತಿಹಾಸ. ಈ ಮೂರರೊಳಗೂ ಮದುವೆಯೊಂದು ಹೆಣೆದುಕೊಂಡಿರುತ್ತದೆ. ಯಾರು ಯಾರನ್ನು ವರಿಸಬೇಕು, ಯಾರು ಯಾರನ್ನು ವರಿಸಕೂಡದು ಎಂಬ ಪ್ರಶ್ನೆ ರಾಜಮನೆತನಗಳಲ್ಲಿ ಎಂದೂ ಇಬ್ಬರು ವ್ಯಕ್ತಿಗಳಿಗೆ ಮಾತ್ರ ಸೇರಿದ ಪ್ರಶ್ನೆಯಾಗಿರಲಿಲ್ಲ. ಒಲವು ಒಂದು ಕಡೆ, ಕರ್ತವ್ಯ ಇನ್ನೊಂದು ಕಡೆ ನಿಂತಾಗ ಕರ್ತವ್ಯದ ಪರವಾಗಿ ತೀರ್ಪು ಕೊಡುವ ವ್ಯವಸ್ಥೆಗೆ ಅರಮನೆಯೆಂದು ಹೆಸರು. ಯುರೋಪಿನ ರಾಜಾಸ್ಥಾನಗಳ ಬಗೆಗೆ ಈ ಮಾತನ್ನು ಹಲವರು ಬರೆದಿದ್ದಾರೆ. ಆದರೆ ಆ ಆಸ್ಥಾನಗಳಲ್ಲಿ ಅತ್ಯಂತ ವೈಭವಯುತವಾಗಿದ್ದ ಒಂದರಲ್ಲಿ, ಅದರ ಕಟ್ಟಳೆಗೆ ಒಳಗಾಗಿ ತನ್ನ ಒಲವನ್ನು ಕಳೆದುಕೊಂಡ ಕನ್ನಡ ಮನೆತನದ ಹೆಣ್ಣುಮಗಳೊಬ್ಬಳಿದ್ದಳು ಎಂಬುದು ಅಷ್ಟಾಗಿ ಚರ್ಚಿತವಾಗಿಲ್ಲ. ಆಕೆ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು, ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಧರ್ಮಪುತ್ರಿ, ರಾಜಕುಮಾರಿ ಗೌರಮ್ಮ.

ಗಡಿಯ ಎರಡು ಮನೆತನಗಳು

ಸಕಲೇಶಪುರ ಮತ್ತು ಆಲೂರು ಸೀಮೆಯ ಗುಡ್ಡಗಳಿಂದ ದಕ್ಷಿಣಕ್ಕೆ ನೋಡಿದರೆ ಕಾಣುವುದು ಕೊಡಗಿನ ಉತ್ತರದ ಮಲೆ. ಹೇಮಾವತಿ ನದಿ ಈ ಎರಡು ನಾಡುಗಳ ನಡುವೆ ಕೆಲವು ಮೈಲಿಗಳವರೆಗೆ ಗಡಿಯಾಗಿ ಹರಿಯುತ್ತದೆ. ಇಂದು ಹಾಸನ ಮತ್ತು ಕೊಡಗು ಎಂಬ ಎರಡು ಜಿಲ್ಲೆಗಳಾಗಿರುವ ಈ ಪ್ರದೇಶ ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಒಂದೇ ರಾಜಕೀಯದ ಎರಡು ಮುಖಗಳಾಗಿತ್ತು. ಈಚೆಗೆ ಐಗೂರನ್ನು ಕೇಂದ್ರವಾಗಿಸಿಕೊಂಡು ಬಲಂ ಸೀಮೆಯನ್ನು ಆಳಿದ ನಾಯಕರು, ಆಚೆಗೆ ಹಾಲೇರಿ ಮನೆತನದ ವೀರಶೈವ ಅರಸರು. ಬೇಲೂರು-ಐಗೂರಿನ ನಾಯಕರ ಹಿಡಿತದಲ್ಲಿದ್ದ ಏಳುಸಾವಿರ ಸೀಮೆಗಾಗಿ ಮೈಸೂರು, ಇಕ್ಕೇರಿ ಮತ್ತು ಕೊಡಗು ಮೂರೂ ಕಣ್ಣಿಟ್ಟಿದ್ದವು. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಆರಂಭವಾದ ಆ ಪೈಪೋಟಿಯ ಅಂತ್ಯದಲ್ಲಿ ಅದು ಕೊಡಗಿನ ಪಾಲಿಗೆ ಬಂದಿತು. ಕೊಡ್ಲಿಪೇಟೆ, ಶನಿವಾರಸಂತೆಗಳ ಜನ ಇಂದಿಗೂ ಸಕಲೇಶಪುರದ ಕಡೆಯ ಜನರೊಡನೆ ಭಾಷೆ, ಬಾಂಧವ್ಯ, ಸಂತೆ ವ್ಯವಹಾರಗಳಲ್ಲಿ ಒಂದಾಗಿರುವುದಕ್ಕೆ ಈ ಹಳೆಯ ಸಂಬಂಧವೂ ಒಂದು ಕಾರಣ.

ಎರಡೂ ಮನೆತನಗಳ ಅಂತ್ಯವನ್ನು ಬರೆದದ್ದು ಒಂದೇ ಕೈ. ಟಿಪ್ಪು ಸುಲ್ತಾನ್ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು 1792ರಲ್ಲಿ ಪೂರ್ಣಗೊಳಿಸಿದ್ದು ಈ ಮಲೆಯ ದಾರಿಗಳನ್ನು ಕಾಯಲು. 1799ರಲ್ಲಿ ಅವನು ಮಡಿದ ಮೇಲೆ ಬಲಂ ಸೀಮೆಯ ವೆಂಕಟಾದ್ರಿ ನಾಯಕ ಸ್ವತಂತ್ರನಾಗಲು ಯತ್ನಿಸಿದನು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಅರಕೆರೆಯ ಭದ್ರಸ್ಥಾನವನ್ನು ಮುರಿಯಿತು. ಕೆಲವೇ ದಿನಗಳಲ್ಲಿ ನಾಯಕ ಸೆರೆಸಿಕ್ಕು ಗಲ್ಲಿಗೇರಿದನು. ಇದೇ ವೆಲ್ಲೆಸ್ಲಿ ಮುಂದೆ ವಾಟರ್ಲೂ ಕದನದ ವೆಲ್ಲಿಂಗ್ಟನ್ ಡ್ಯೂಕ್ ಎಂದು ಹೆಸರಾದವನು. ಬಲಂ ನಾಯಕ ಗಲ್ಲಿಗೇರಿದ ಮೂವತ್ತೆರಡು ವರ್ಷಗಳ ನಂತರ ನೆರೆಯ ಹಾಲೇರಿ ಮನೆತನದ ಸರದಿ ಬಂದಿತು. ಅಲ್ಲಿ ಗಲ್ಲಿನ ಹಗ್ಗವಿರಲಿಲ್ಲ. ಅದರ ಬದಲು ವಿಶ್ರಾಂತಿವೇತನ, ಗಡಿಪಾರು, ಮತ್ತು ಮುಂದೆ ರಾಣಿಯ ಮಮತೆ ಇದ್ದವು.

1834ರ ಪತನ

ಚಿಕ್ಕವೀರರಾಜೇಂದ್ರನು 1820ರಲ್ಲಿ ಪಟ್ಟಕ್ಕೆ ಬಂದನು. ಅವನ ಆಳ್ವಿಕೆಯ ಕ್ರೌರ್ಯವನ್ನು ಕಂಪನಿಯ ಅಧಿಕಾರಿಗಳು ಮತ್ತು ಪಾದ್ರಿಗಳು ವಿಸ್ತಾರವಾಗಿ ಬರೆದಿದ್ದಾರೆ. 1855ರಲ್ಲಿ ಪ್ರಕಟವಾದ ಹರ್ಮನ್ ಮೋಗ್ಲಿಂಗನ ಕೊಡಗಿನ ಕುರಿತ ಗ್ರಂಥ ಮತ್ತು 1870ರ ರಿಕ್ಟರನ ಕೈಪಿಡಿ ಇವುಗಳಲ್ಲಿ ಪ್ರಮುಖವಾದವು. ರಾಜ್ಯವನ್ನು ಕಿತ್ತುಕೊಂಡವರ ಲೇಖನಿಯಿಂದಲೇ ರಾಜನ ದುರ್ಗುಣಗಳ ಚಿತ್ರ ಬಹುಪಾಲು ಬಂದಿದೆ ಎಂಬುದನ್ನು ಮರೆಯದೆ ಈ ಬರಹಗಳನ್ನು ಓದಬೇಕಾಗುತ್ತದೆ.

ಪತನಕ್ಕೆ ನೆಪವಾದದ್ದು ಸಹ ಒಂದು ಕುಟುಂಬದ ಬಿರುಕು. ಅರಸನ ತಂಗಿ ದೇವಮ್ಮಾಜಿ ಮತ್ತು ಆಕೆಯ ಪತಿ ಚೆನ್ನಬಸವಯ್ಯ 1832ರಲ್ಲಿ ಕೊಡಗಿನಿಂದ ತಪ್ಪಿಸಿಕೊಂಡು ಮೈಸೂರಿನ ರೆಸಿಡೆಂಟನಾಗಿದ್ದ ಕ್ಯಾಸಮೇಜರನ ಆಶ್ರಯ ಪಡೆದರು. ಅವರನ್ನು ಹಿಂದಿರುಗಿಸಬೇಕೆಂಬುದು ಅರಸನ ಪಟ್ಟು, ಒಪ್ಪಿಸಲಾಗದೆಂಬುದು ಕಂಪನಿಯ ಪಟ್ಟು. ಹೀಗೆ ಮನೆಯ ಜಗಳ ರಾಜ್ಯದ ಜಗಳವಾಯಿತು. 1834ರ ಏಪ್ರಿಲಿನಲ್ಲಿ ಕಂಪನಿಯ ಸೇನೆ ನಾಲ್ಕು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತು. ಉತ್ತರದ ಕಡೆಯಿಂದ ಬಂದ ಕರ್ನಲ್ ವಾನ ದಳ ಬಕ್ಕದ ತಡೆಗೋಟೆಯ ಬಳಿ ಏಪ್ರಿಲ್ 3ರಂದು ಭಾರಿ ಪೆಟ್ಟು ತಿಂದು ಹಿಂದೆ ಸರಿಯಿತು. ಲೆಫ್ಟಿನೆಂಟ್ ಕರ್ನಲ್ ಮಿಲ್ ಅಲ್ಲಿಯೇ ಸತ್ತನು. ಮಾದಂಡ ಅಪ್ಪಚ್ಚುವಿನ ಈ ಪ್ರತಿರೋಧ ಕೊಡಗಿನ ನೆನಪಿನಲ್ಲಿ ಉಳಿಯಿತಾದರೂ ಮಡಿಕೇರಿ ಉಳಿಯಲಿಲ್ಲ. ಅರಸ ಶರಣಾದನು, 1834ರ ಮೇ 7ರ ಘೋಷಣೆಯೊಡನೆ ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತು. ಅರಸನನ್ನು ಪರಿವಾರದೊಡನೆ ಕಾಶಿಗೆ ಕಳುಹಿಸಲಾಯಿತು.

ಕಾಶಿಯಿಂದ ಲಂಡನ್ನಿಗೆ

ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ತಂದೆಯ ನಾಡನ್ನು ಆಕೆ ಎಂದೂ ನೋಡಲಿಲ್ಲ. ‘ಕೊಡಗಿನ ರಾಜಕುಮಾರಿ’ ಎಂಬ ಬಿರುದು ಆಕೆಯ ಮಟ್ಟಿಗೆ ಒಂದು ಊರಿನ ಹೆಸರಾಗಿರದೆ ಒಂದು ನಷ್ಟದ ಹೆಸರಾಗಿತ್ತು. ಗಡಿಪಾರಾದ ಅರಸನಿಗೆ ಉಳಿದಿದ್ದ ರಾಜಕೀಯ ಸಾಧನ ಹೆಣ್ಣುಮಕ್ಕಳ ಮದುವೆಯೊಂದೇ. ಗೌರಮ್ಮನ ಸೋದರಿಯೊಬ್ಬಳನ್ನು ನೇಪಾಳದ ಪ್ರಬಲ ಮಂತ್ರಿ ಜಂಗ್ ಬಹಾದ್ದೂರನು, ಯುರೋಪ್ ಪ್ರವಾಸ ಮುಗಿಸಿ ಹಿಂದಿರುಗುವಾಗ, ಕಾಶಿಯಲ್ಲಿ ವರಿಸಿದನು.

1852ರಲ್ಲಿ ಚಿಕ್ಕವೀರರಾಜೇಂದ್ರನು ಹನ್ನೊಂದರ ಹರೆಯದ ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ಮಗಳ ವಿದ್ಯಾಭ್ಯಾಸ ಹೇಳಿಕೊಂಡ ಕಾರಣವಾದರೂ ಅದರ ಹಿಂದೆ ಇನ್ನೊಂದು ಉದ್ದೇಶವಿತ್ತು. ಅವನ ದೊಡ್ಡಪ್ಪ ದೊಡ್ಡವೀರರಾಜೇಂದ್ರನು ಕಂಪನಿಯ ಬಳಿ ಹೂಡಿದ್ದ ಹಣದ ಸಾಲಪತ್ರಗಳನ್ನು ಕಂಪನಿ ವಶಪಡಿಸಿಕೊಂಡಿತ್ತು. ಆ ಹಣವನ್ನು ಮರಳಿ ಪಡೆಯಲು ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಬೇಕಾಗಿತ್ತು. ರಾಜ್ಯ ಕಳೆದುಕೊಂಡ ಅರಸನೊಬ್ಬ ಗೆದ್ದವರ ನೆಲದಲ್ಲಿ, ಗೆದ್ದವರ ನ್ಯಾಯಾಲಯದಲ್ಲಿ ಗೆದ್ದವರ ಮೇಲೆ ದಾವೆ ಹೂಡಿದ ಈ ಘಟನೆ ಆ ಕಾಲಕ್ಕೆ ಅಸಾಧಾರಣವಾದುದು. ರಾಜಮನೆತನದ ಕೃಪೆ ದೊರೆತರೆ ದಾವೆಗೆ ಬಲ ಬರುತ್ತದೆಂಬ ನಿರೀಕ್ಷೆ ಅವನಲ್ಲಿತ್ತೆಂದು ಊಹಿಸಲು ಅವಕಾಶವಿದೆ. ಕೃಪೆ ದೊರೆಯಿತು, ಅದರ ಬೆಲೆ ಮಗಳಾದಳು.

ರಾಣಿಯ ಧರ್ಮಪುತ್ರಿ

1852ರ ಜೂನ್ 30ರಂದು ಬಕಿಂಗ್‌ಹ್ಯಾಂ ಅರಮನೆಯ ಪ್ರಾರ್ಥನಾಮಂದಿರದಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಗೌರಮ್ಮನಿಗೆ ದೀಕ್ಷಾಸ್ನಾನ ನೀಡಿದನು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಆಕೆಗೆ ಕೊಟ್ಟಳು. ವಿಕ್ಟೋರಿಯಾ ಗೌರಮ್ಮನಾದ ಬಾಲಕಿಯನ್ನು ಬಳಿಕ ತಂದೆಯ ಮನೆಯಿಂದ ಬೇರ್ಪಡಿಸಿ ಇಂಗ್ಲಿಷ್ ಕುಟುಂಬಗಳ ಪೋಷಣೆಯಲ್ಲಿ ಇರಿಸಲಾಯಿತು. ಮೊದಲು ಡ್ರಮಂಡ್ ದಂಪತಿಗಳು, ಅನಂತರ ಲೇಡಿ ಹಾರ್ಕೋರ್ಟ್, ಕೊನೆಗೆ ಸರ್ ಜಾನ್ ಲಾಗಿನ್ ದಂಪತಿಗಳು ಆಕೆಯ ಪೋಷಕರಾದರು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಆಕೆಯ ಚಿತ್ರ ಬರೆದನು. ಶಿಲ್ಪಿ ಮರೊಚೆಟ್ಟಿ ಆಕೆಯ ಅರ್ಧಪ್ರತಿಮೆಯನ್ನು ಕಡೆದನು. ಭಾರತೀಯ ಉಡುಗೆತೊಡುಗೆಯಲ್ಲಿಯೇ ಚಿತ್ರಿತಳಾಗಿರುವ ಆ ಬಾಲಕಿಯ ಜೀವನ ಮಾತ್ರ ಸಂಪೂರ್ಣವಾಗಿ ಆಂಗ್ಲವಾಗಬೇಕೆಂದು ಅಪೇಕ್ಷಿಸಲಾಗಿತ್ತು. ಈ ವೈರುಧ್ಯವೇ ಮುಂದಿನ ಎಲ್ಲ ಘಟನೆಗಳಿಗೆ ಬೀಜವಾಯಿತು.

ರಾಣಿಯ ವಾತ್ಸಲ್ಯ ನಟನೆಯಾಗಿರಲಿಲ್ಲ. ದಿನಚರಿಯಲ್ಲಿಯೂ ಪತ್ರಗಳಲ್ಲಿಯೂ ಆಕೆ ಗೌರಮ್ಮನ ಬಗೆಗೆ ಕಾಳಜಿಯಿಂದ ಬರೆದಿದ್ದಾಳೆ. ಆದರೆ ಆ ವಾತ್ಸಲ್ಯದೊಳಗೆ ಸಾಮ್ರಾಜ್ಯದ ಒಂದು ಯೋಜನೆಯೂ ಇತ್ತು. ಕ್ರೈಸ್ತಳಾದ ಭಾರತೀಯ ರಾಜಕುಮಾರಿ ತನ್ನ ದೇಶದ ಸ್ತ್ರೀಯರಿಗೆ ಆದರ್ಶವಾಗಬೇಕು. ಆಕೆಯ ನಡತೆಯಲ್ಲಿ ಒಂದು ಕಲೆ ಬಿದ್ದರೂ ಅದು ಇಡೀ ಪ್ರಯೋಗದ ಸೋಲಾಗುತ್ತದೆ ಎಂಬುದು ಪೋಷಕರ ಆತಂಕವಾಗಿತ್ತು. ರಾಜಕುಮಾರಿಯ ಕರ್ತವ್ಯವೆಂದರೆ ಇಲ್ಲಿ ರಾಜ್ಯವನ್ನು ಕಾಯುವುದಲ್ಲ, ಅದು ಆಗಲೇ ಹೋಗಿತ್ತು. ರಾಜ್ಯ ಕಸಿದವರ ಔದಾರ್ಯಕ್ಕೆ ಸಾಕ್ಷಿಯಾಗಿ ನಿಲ್ಲುವುದು.

ನಿಶ್ಚಯಿಸಿದ ವರ, ನಿಷೇಧಿಸಿದ ಒಲವು

1854ರಲ್ಲಿ ಇಂಗ್ಲೆಂಡಿಗೆ ಬಂದ ಇನ್ನೊಬ್ಬ ಭಾರತೀಯ, ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್. ಬಾಲ್ಯದಲ್ಲಿಯೇ ರಾಜ್ಯವನ್ನೂ ಕೊಹಿನೂರ್ ವಜ್ರವನ್ನೂ ಕಳೆದುಕೊಂಡಿದ್ದ ಅವನು 1853ರಲ್ಲಿ ಕ್ರೈಸ್ತನಾಗಿದ್ದನು. ಅವನ ಪಾಲಕರೂ ಇದೇ ಲಾಗಿನ್ ದಂಪತಿಗಳು. ಇಬ್ಬರೂ ರಾಜವಂಶಸ್ಥರು, ಇಬ್ಬರೂ ಕ್ರೈಸ್ತರು, ಇಬ್ಬರೂ ರಾಣಿಯ ಆಶ್ರಿತರು. ಇವರ ವಿವಾಹವಾದರೆ ಭಾರತದ ಮೊದಲ ಕ್ರೈಸ್ತ ರಾಜದಂಪತಿಗಳು ಸಿದ್ಧರಾದಂತೆ ಎಂಬ ಆಸೆ ರಾಣಿಯಲ್ಲಿ ಮೂಡಿದುದು ಸಹಜ. ಆದರೆ ದುಲೀಪ್ ಸಿಂಗ್ ಗೌರಮ್ಮನಲ್ಲಿ ಸ್ನೇಹವನ್ನಷ್ಟೇ ಕಂಡನು, ಪತ್ನಿಯನ್ನು ಕಾಣಲಿಲ್ಲ. ಕಾಗದದ ಮೇಲೆ ಸರಿಹೊಂದಿದ ಜೋಡಿ ಮನಸ್ಸಿನಲ್ಲಿ ಹೊಂದಲಿಲ್ಲ. ಇದೇ ಪ್ರಸಂಗದ ಒಂದು ಅಂಶ ಗಮನಾರ್ಹ: ಒಲ್ಲೆನೆಂದು ಹೇಳಲು ದುಲೀಪ್ ಸಿಂಗನಿಗೆ ಅವಕಾಶವಿತ್ತು ಮತ್ತು ಅವನ ನಿರಾಕರಣೆಯನ್ನು ಗೌರವಿಸಲಾಯಿತು.

ಗೌರಮ್ಮನ ಆಯ್ಕೆಗೆ ಆ ಗೌರವ ಸಿಗಲಿಲ್ಲ. ಹದಿಹರೆಯದ ಆಕೆ ಸೇವಕವರ್ಗದ ತರುಣನೊಬ್ಬನಿಗೆ ಮನಸೋತು ಅವನೊಡನೆ ಮನೆಬಿಟ್ಟು ಹೋಗಲು ಯೋಚಿಸಿದ್ದಳೆಂದು ಆಕೆಯ ಜೀವನವನ್ನು ಬರೆದವರು ತಿಳಿಸುತ್ತಾರೆ. ಸುದ್ದಿ ಹೊರಬಿದ್ದೊಡನೆ ಆಕೆಯ ಸುತ್ತ ಕಾವಲು ಬಿಗಿಯಾಯಿತು. 1858ರಲ್ಲಿ ಲಾಗಿನ್ ದಂಪತಿಗಳ ಮನೆಗೆ ಆಕೆಯನ್ನು ಒಪ್ಪಿಸಿದ್ದರ ಹಿಂದೆ ಇಂಥ ಆತಂಕಗಳ ಪಾತ್ರವೂ ಇತ್ತು. ಲೇಡಿ ಲಾಗಿನ್ನಳ ನೆನಪುಗಳು 1916ರಲ್ಲಿ ಪ್ರಕಟವಾದವು. ಆ ಪುಟಗಳಲ್ಲಿ ಗೌರಮ್ಮ ಚಂಚಲ ಸ್ವಭಾವದ, ಹತೋಟಿಗೆ ಸಿಗದ ಹುಡುಗಿಯಾಗಿ ಕಾಣಿಸುತ್ತಾಳೆ. ತಾಯಿಯ ಮಡಿಲಾಗಲಿ, ಮಾತೃಭಾಷೆಯಲ್ಲಿ ಮನಸ್ಸನ್ನು ತೋಡಿಕೊಳ್ಳಬಲ್ಲ ಜೀವವಾಗಲಿ ಹತ್ತಿರವಿಲ್ಲದ, ಒಂದು ಮನೆಯಿಂದ ಇನ್ನೊಂದು ಮನೆಗೆ ವರ್ಗಾವಣೆಯಾಗುತ್ತಿದ್ದ ಹುಡುಗಿ ಮಮತೆಯನ್ನು ಹುಡುಕಿದ್ದನ್ನು ಚಂಚಲತೆಯೆನ್ನುವುದು ಎಷ್ಟು ನ್ಯಾಯವೆಂಬುದು ವಿಚಾರಾರ್ಹ.

ಅರಮನೆಯ ನಿಯಮ

ಗೌರಮ್ಮನಿಗಾದದ್ದು ಪರಕೀಯಳೆಂಬ ಕಾರಣಕ್ಕೆ ಮಾತ್ರ ಆದುದಲ್ಲ. ಆಂಗ್ಲ ರಾಜಮನೆತನ ತನ್ನ ಸ್ವಂತ ಮಕ್ಕಳಿಗೂ ಈ ಕಟ್ಟಳೆಯನ್ನು ವಿಧಿಸಿತ್ತು. ಮೂರನೆಯ ಜಾರ್ಜನ ತಮ್ಮನೊಬ್ಬನು 1771ರಲ್ಲಿ ರಾಜವಂಶಕ್ಕೆ ಸೇರದ ವಿಧವೆಯನ್ನು ವರಿಸಿದ್ದರಿಂದ ಕೆರಳಿದ ಅರಸ, ಮರುವರ್ಷವೇ ರಾಜವಿವಾಹಗಳ ಕಾಯಿದೆಯನ್ನು ಮಾಡಿಸಿದನು. ಅರಸನ ಒಪ್ಪಿಗೆಯಿಲ್ಲದೆ ನಡೆದ ರಾಜವಂಶೀಯರ ವಿವಾಹ ಆ ಕಾಯಿದೆಯ ಪ್ರಕಾರ ಅಸಿಂಧು. ಅದೇ ಜಾರ್ಜನ ಮಗ, ಮುಂದೆ ನಾಲ್ಕನೆಯ ಜಾರ್ಜನಾದವನು, 1785ರಲ್ಲಿ ಮರಿಯಾ ಫಿಟ್ಸ್‌ಹರ್ಬರ್ಟಳೊಡನೆ ಗುಟ್ಟಾಗಿ ಮಾಡಿಕೊಂಡ ಮದುವೆ ಈ ಕಾಯಿದೆಯ ದೃಷ್ಟಿಯಲ್ಲಿ ಮದುವೆಯೇ ಆಗಲಿಲ್ಲ. 1936ರಲ್ಲಿ ಎಂಟನೆಯ ಎಡ್ವರ್ಡನು ಒಲಿದವಳಿಗಾಗಿ ಸಿಂಹಾಸನವನ್ನೇ ಬಿಟ್ಟನು. 1955ರಲ್ಲಿ ರಾಜಕುಮಾರಿ ಮಾರ್ಗರೆಟ್ ಕರ್ತವ್ಯಕ್ಕಾಗಿ ಒಲಿದವನನ್ನೇ ಬಿಟ್ಟಳು. 1772ರ ಆ ಕಾಯಿದೆ ರದ್ದಾದದ್ದು 2015ರಲ್ಲಿ. ಈಗ ಉತ್ತರಾಧಿಕಾರದ ಸಾಲಿನ ಮೊದಲ ಆರು ಮಂದಿಗೆ ಮಾತ್ರ ಒಪ್ಪಿಗೆ ಬೇಕು.

ವಿಕ್ಟೋರಿಯಾ ರಾಣಿಯ ಹಿರಿಯ ಮಗಳು ಗೌರಮ್ಮನಿಗಿಂತ ಕೆಲವೇ ತಿಂಗಳುಗಳಿಗೆ ಹಿರಿಯಳು. ಆಕೆಯ ಮದುವೆ 1858ರ ಜನವರಿಯಲ್ಲಿ ಪ್ರಷ್ಯದ ರಾಜಕುಮಾರನೊಡನೆ ನಡೆಯಿತು. ಅಲ್ಲಿ ರಾಜ್ಯದ ಹಿತವೂ ಹೆಣ್ಣಿನ ಒಲವೂ ಅದೃಷ್ಟವಶಾತ್ ಕೂಡಿಬಂದವು. ರಾಣಿಯ ಆಶ್ರಯದಲ್ಲಿದ್ದ ಇನ್ನೊಬ್ಬ ಬಾಲಕಿ, ಪಶ್ಚಿಮ ಆಫ್ರಿಕದ ಸಾರಾ ಫೋರ್ಬ್ಸ್ ಬೊನೆಟ್ಟಾ, ತಾನು ಒಲಿಯದ ವರನನ್ನು 1862ರಲ್ಲಿ ಅರಮನೆಯ ಒತ್ತಾಯಕ್ಕೆ ಮಣಿದು ವರಿಸಬೇಕಾಯಿತು. ಸಾರಾ ಮತ್ತು ಗೌರಮ್ಮ ಇಬ್ಬರ ಕಥೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ರಾಜನ ಮಗಳಿಗೆ ಕರ್ತವ್ಯದ ಬದಲಿಗೆ ಒಂದು ರಾಜ್ಯವಾದರೂ ದೊರೆಯುತ್ತಿತ್ತು. ಆಶ್ರಿತಳಿಗೆ ಕರ್ತವ್ಯ ಮಾತ್ರ ಉಳಿಯುತ್ತಿತ್ತು.

ಮದುವೆ ಮತ್ತು ಮರಣ

1859ರಲ್ಲಿ ಚಿಕ್ಕವೀರರಾಜೇಂದ್ರನು ಲಂಡನ್ನಿನಲ್ಲಿ ನಿಧನನಾದನು. ಅವನ ದಾವೆಯ ತೀರ್ಪು ಬಂದದ್ದು 1860ರಲ್ಲಿ. ಅದು ವಜಾ ಆಯಿತು. ಯುದ್ಧದಲ್ಲಿ ವಶವಾದ ಸ್ವತ್ತಿನ ವಿಷಯ ಪ್ರಭುತ್ವದ ಕೃತ್ಯವಾದ್ದರಿಂದ ನ್ಯಾಯಾಲಯ ಅದರಲ್ಲಿ ಕೈಹಾಕಲಾಗದೆಂಬುದು ತೀರ್ಪಿನ ಸಾರ. ಅದೇ ವರ್ಷದ ಜುಲೈಯಲ್ಲಿ ಗೌರಮ್ಮನ ಮದುವೆ ನಡೆಯಿತು. ವರ ಲೇಡಿ ಲಾಗಿನ್ನಳ ಅಣ್ಣ, ಮದ್ರಾಸು ಸೇನೆಯ ಅಧಿಕಾರಿ ಜಾನ್ ಕ್ಯಾಂಪ್‌ಬೆಲ್. ಅವನು ವಿಧುರ, ಮಕ್ಕಳ ತಂದೆ, ವಯಸ್ಸಿನಲ್ಲಿ ಆಕೆಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನು. ಗೌರಮ್ಮನಿಗೆ ಆಗ ಹತ್ತೊಂಬತ್ತು. ಸೇವಕನೊಡನೆ ಮದುವೆ ಅಸಾಧ್ಯವೆಂದ ಸಮಾಜಕ್ಕೆ ತಂದೆಯ ವಯಸ್ಸಿನ ಅಧಿಕಾರಿಯೊಡನೆ ಮದುವೆ ಯೋಗ್ಯವಾಗಿ ಕಂಡಿತು. ಅಂತಸ್ತಿನ ಅಂತರ ಅದಕ್ಕೆ ಕಂಡಷ್ಟು ವಯಸ್ಸಿನ ಅಂತರ ಕಾಣಲಿಲ್ಲ.

1861ರಲ್ಲಿ ಮಗಳು ಎಡಿತ್ ಹುಟ್ಟಿದಳು. ಆಕೆಯ ಪೂರ್ಣ ನಾಮದಲ್ಲಿ ವಿಕ್ಟೋರಿಯಾ, ಗೌರಮ್ಮ ಎಂಬ ಎರಡು ಹೆಸರುಗಳೂ ಸೇರಿದವು. ಮೂರು ವರ್ಷಗಳೊಳಗೆ, 1864ರ ಮಾರ್ಚ್ ಕೊನೆಯಲ್ಲಿ, ಗೌರಮ್ಮ ಕ್ಷಯರೋಗದಿಂದ ತೀರಿಕೊಂಡಳು. ಆಗ ಆಕೆಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯನ್ನು ಸಮಾಧಿ ಮಾಡಲಾಯಿತು. ಎರಡು ತಿಂಗಳು ಕಳೆದು, ಜೂನ್ ತಿಂಗಳಲ್ಲಿ, ದುಲೀಪ್ ಸಿಂಗ್ ಅಲೆಗ್ಸಾಂಡ್ರಿಯದಲ್ಲಿ ಬಾಂಬಾ ಮ್ಯುಲ್ಲರ್ ಎಂಬಾಕೆಯನ್ನು ವರಿಸಿದನು. ಬಾಂಬಾ ಜರ್ಮನ್ ವರ್ತಕನೊಬ್ಬನ ಮಗಳು, ಕೈರೋದ ಮಿಷನ್ ಶಾಲೆಯಲ್ಲಿ ಬೆಳೆದವಳು; ರಾಜರಕ್ತದ ಹಂಗಿಲ್ಲದ ಆಯ್ಕೆ ಅದು. ಗೌರಮ್ಮನ ಪತಿ ಕ್ಯಾಂಪ್‌ಬೆಲ್ 1867ರಲ್ಲಿ ಮನೆಯಿಂದ ಹೊರಟವನು ಹಿಂದಿರುಗಲಿಲ್ಲ. ಎಡಿತ್ ತಾಯಿಯಿಲ್ಲದೆ, ತಂದೆಯಿಲ್ಲದೆ ಬೆಳೆದಳು. ಈ ವಿಷಯದಲ್ಲಿ ಆಕೆಯ ಬಾಲ್ಯ ತಾಯಿಯ ಬಾಲ್ಯವನ್ನೇ ಹೋಲುತ್ತಿತ್ತು.

ಮಂಜರಾಬಾದಿನ ಕನ್ನಡಿ

ಗೌರಮ್ಮ ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದ ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ತರುಣರು ಆಕೆಯ ಪೂರ್ವಿಕರ ನೆರೆನಾಡಿನಲ್ಲಿ ಬೆಟ್ಟ ಕಡಿದು ಕಾಫಿ ನೆಡುತ್ತಿದ್ದರು. ಮಂಜರಾಬಾದಿನಲ್ಲಿ ಮೊದಲ ಯುರೋಪಿಯನ್ ತೋಟ 1843ರಲ್ಲಿ ಆರಂಭವಾಯಿತು. ಮಡಿಕೇರಿಯ ಬಳಿ 1854ರಲ್ಲಿ. 1855ರಲ್ಲಿ ಮಂಜರಾಬಾದಿಗೆ ಬಂದ ರಾಬರ್ಟ್ ಎಲಿಯಟ್ ಎಂಬ ತೋಟಗಾರ ತನ್ನ ಅನುಭವಗಳನ್ನು 1871ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದನು. ಆ ಗ್ರಂಥದಲ್ಲಿ ಅವನು ಜಾತಿಪದ್ಧತಿಯನ್ನು ಕುರಿತು ದೀರ್ಘವಾಗಿ ಚರ್ಚಿಸಿ, ಈ ಮಲೆಯ ಒಕ್ಕಲು ಕುಟುಂಬಗಳಲ್ಲಿ ಜಾತಿಯ ಕಟ್ಟು ಕುಡಿತವನ್ನೂ ಸ್ತ್ರೀಪುರುಷರ ನಡತೆಯನ್ನೂ ಹದ್ದಿನಲ್ಲಿ ಇರಿಸುತ್ತದೆಂದು ಅದನ್ನು ಸಮರ್ಥಿಸಿದನು. ಮಿಷನರಿಗಳು ಜಾತಿಯನ್ನು ಖಂಡಿಸುತ್ತಿದ್ದ ಕಾಲದಲ್ಲಿ ಆಂಗ್ಲ ತೋಟಗಾರನೊಬ್ಬ ಅದರ ಪರವಾಗಿ ವಾದಿಸಿದ್ದು ಕುತೂಹಲಕರ.

ಈ ವಾದವನ್ನು ಗೌರಮ್ಮನ ಬದುಕಿನ ಪಕ್ಕದಲ್ಲಿ ಇರಿಸಿದರೆ ಅದರ ಅರ್ಥ ವಿಸ್ತಾರವಾಗುತ್ತದೆ. ಮಂಜರಾಬಾದಿನ ಹಳ್ಳಿಯಲ್ಲಿ ಕುಲದ ಹಿರಿಯರು ಕೂಡಿ ಯಾವ ಮದುವೆ ಸಲ್ಲುತ್ತದೆ, ಯಾವುದು ಸಲ್ಲದು ಎಂದು ತೀರ್ಮಾನಿಸುತ್ತಿದ್ದರು. ತಪ್ಪಿದವರನ್ನು ಪಂಕ್ತಿಯಿಂದ ಹೊರಗಿಡುತ್ತಿದ್ದರು. ವಿಂಡ್ಸರಿನ ಅರಮನೆಯಲ್ಲಿ ಇದೇ ತೀರ್ಮಾನವನ್ನು ಪತ್ರ ವ್ಯವಹಾರದ ಮೂಲಕ ಮಾಡಲಾಗುತ್ತಿತ್ತು. ತಪ್ಪಿದವರನ್ನು ಮತ್ತೊಂದು ಮನೆಗೆ ಸಾಗಿಸಲಾಗುತ್ತಿತ್ತು. ಹೆಸರು ಬೇರೆ, ಕಟ್ಟು ಒಂದೇ. ಜಾತಿಯ ಕಟ್ಟನ್ನು ಬಿಡಿಸಿ ಗೌರಮ್ಮನನ್ನು ಮುಕ್ತಗೊಳಿಸಿದೆವೆಂದು ನಂಬಿದವರು ಆಕೆಯನ್ನು ಇನ್ನೊಂದು ಜಾತಿಗೆ, ಅಂತಸ್ತಿನ ಜಾತಿಗೆ, ಸೇರಿಸಿದ್ದರು. ಆ ಜಾತಿಯಲ್ಲಿ ಆಕೆಗೆ ಪೂರ್ಣ ಸದಸ್ಯತ್ವವೂ ಇರಲಿಲ್ಲ.

ಸಾಹಿತ್ಯದ ನೆನಪು

ಕನ್ನಡ ಸಾಹಿತ್ಯ ಈ ಕುಟುಂಬವನ್ನು ಮರೆಯಲಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ ಕಾದಂಬರಿ 1956ರಲ್ಲಿ ಪ್ರಕಟವಾಯಿತು. ಮಾಸ್ತಿಯವರಿಗೆ 1983ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಾಗ ಈ ಕೃತಿ ಮತ್ತೆ ನಾಡಿನ ಗಮನ ಸೆಳೆಯಿತು. ಅರಸನ ಪತನವನ್ನು ದುರಂತವಾಗಿ ಕಂಡ ಆ ಕಾದಂಬರಿಯ ಓದುಗರಿಗೆ ಗೌರಮ್ಮನ ಹೆಸರು ಪರಿಚಿತ. ಈಚಿನ ದಿನಗಳಲ್ಲಿ ಸಿ.ಪಿ. ಬೆಳ್ಳಿಯಪ್ಪನವರು ಆಕೆಯ ಬದುಕನ್ನೇ ಕೇಂದ್ರವಾಗಿಸಿ ಇಂಗ್ಲಿಷಿನಲ್ಲಿ ಪುಸ್ತಕ ರಚಿಸಿದ ಮೇಲೆ ಆಕೆ ತಂದೆಯ ಕಥೆಯ ಅಡಿಟಿಪ್ಪಣಿಯಾಗಿ ಉಳಿಯದೆ ಸ್ವತಂತ್ರ ಐತಿಹಾಸಿಕ ವ್ಯಕ್ತಿಯಾದಳು.

ಗೌರಮ್ಮನ ಚರಿತ್ರೆಯ ಮಹತ್ವ ಆಕೆ ರಾಣಿಯ ಧರ್ಮಪುತ್ರಿಯಾಗಿದ್ದಳೆಂಬ ವೈಭವದಲ್ಲಿಲ್ಲ. ಒಂದು ರಾಜ್ಯವನ್ನು ಗೆಲ್ಲುವುದು ಒಂದು ತಿಂಗಳ ಕೆಲಸ. ಗೆದ್ದ ರಾಜ್ಯದ ಮಗುವಿನ ಮನಸ್ಸನ್ನು ಗೆಲ್ಲಲು ಹೊರಟವರು ಹನ್ನೆರಡು ವರ್ಷ ಪ್ರಯತ್ನಿಸಿ ಸೋತರು. ಧರ್ಮ ಬದಲಾಯಿತು, ಹೆಸರು ಬದಲಾಯಿತು, ಮನೆ ನಾಲ್ಕು ಬಾರಿ ಬದಲಾಯಿತು. ತನ್ನ ಒಲವನ್ನು ತಾನೇ ಆರಿಸಿಕೊಳ್ಳಬೇಕೆಂಬ ಆಸೆ ಮಾತ್ರ ಬದಲಾಗಲಿಲ್ಲ. ಆ ಆಸೆಗೆ ಆಕೆ ತೆತ್ತ ದಂಡ ದೊಡ್ಡದು. ಬಲಂ ಸೀಮೆಯ ವೆಂಕಟಾದ್ರಿ ನಾಯಕ ಮತ್ತು ಹಾಲೇರಿಯ ಚಿಕ್ಕವೀರರಾಜೇಂದ್ರರ ಸೋಲುಗಳನ್ನು ಬರೆಯುವ ಪ್ರಾದೇಶಿಕ ಇತಿಹಾಸ, ಹೇಮಾವತಿಯ ಎರಡೂ ದಡಗಳ ಪತನದ ಕಥೆಯನ್ನು ಪೂರ್ಣಗೊಳಿಸಬೇಕಾದರೆ ಆ ಹೆಣ್ಣುಮಗಳ ಸೋಲನ್ನೂ ಅಷ್ಟೇ ಗಂಭೀರವಾಗಿ ದಾಖಲಿಸಬೇಕಾಗುತ್ತದೆ.